ಮೊದಲ ರೋಡ್ ಬೈಕ್, ಮಿತವಾದ ದುಡ್ಡಿನಲ್ಲಿ: ಪದೇ ಪದೇ ಕೇಳುವ ಪ್ರಶ್ನೆಗಳು

ಸೈಕಲ್ ಹುಚ್ಚಿದೆ ಅಂತ ಗೊತ್ತಾದ ಮೇಲೆ ಜನ ನನ್ನನ್ನು ಕೇಳುವುದು ಹೆಚ್ಚುಕಮ್ಮಿ ಇದೇ ಪ್ರಶ್ನೆಗಳನ್ನು. ಕೆಲವರು ಫೋನು ಮಾಡಿ ಕೇಳುತ್ತಾರೆ, ಕೆಲವರು ಬರೆದು ಕೇಳುತ್ತಾರೆ, ಇನ್ನು ಕೆಲವರು ಏರಿನಲ್ಲಿ ನಾನು ಏದುಸಿರು ಬಿಡುತ್ತಿರುವಾಗಲೇ ಪಕ್ಕಕ್ಕೆ ಬಂದು ಕೇಳುತ್ತಾರೆ. ಅವರ ಮಾತನ್ನು ಹಾಗೇ ಇಟ್ಟು ಒಂದು ಕಡೆ ಉತ್ತರ ಬರೆದಿದ್ದೇನೆ. ನಿಮಗೆ ಬೇಕಾದ್ದನ್ನು ಮಾತ್ರ ಓದಿಕೊಂಡರೂ ಸಾಕು.

## ಕೊಳ್ಳುವ ಯೋಚನೆ ಬಂದಾಗ

"ರೋಡ್ ಬೈಕ್ ಅಂದ್ರೆ ಗೇರ್ ಸೈಕಲ್ಲೇ ತಾನೇ?"

ಗೇರ್ ಇರುವುದೆಲ್ಲ ರೋಡ್ ಬೈಕ್ ಅಲ್ಲ. ಟಗರಿನ ಕೊಂಬಿನ ಹಾಗೆ ಮುಂದಕ್ಕೆ ಹೋಗಿ ಕೆಳಕ್ಕೆ ಬಾಗಿದ ಹ್ಯಾಂಡಲ್, 700ಸಿ ಎನ್ನುವ ಅಳತೆಯ ಚಕ್ರ, 25ರಿಂದ 32 ಮಿ.ಮೀ. ಅಗಲದ ಸಪೂರ ಟೈರು, ಸಸ್ಪೆನ್ಷನ್ ಇಲ್ಲದ ಹಗುರ ಫ್ರೇಮು, ಇವಿಷ್ಟೂ ಸೇರಿದರೆ ರೋಡ್ ಬೈಕ್. ಈ ಆಕಾರಕ್ಕೆ ಕಾರಣ ಗಾಳಿ. ಸಮತಟ್ಟು ರಸ್ತೆಯಲ್ಲಿ ವೇಗ ಗಂಟೆಗೆ 25 ಕಿ.ಮೀ. ದಾಟಿತೆಂದರೆ ನಿಮ್ಮ ಶ್ರಮದ ಬಹುಪಾಲು ಗಾಳಿಯನ್ನು ತಳ್ಳುವುದಕ್ಕೇ ಹೋಗುತ್ತದೆ. ವೇಗ ಎರಡು ಪಟ್ಟಾದರೆ ಗಾಳಿಯ ಎದುರು ಬೇಕಾಗುವ ಶಕ್ತಿ ಎಂಟು ಪಟ್ಟಾಗುತ್ತದೆ. ಆ ಗಾಳಿಗೆ ಅಡ್ಡ ಬರುವುದರಲ್ಲಿ ಸೈಕಲ್ಲಿನ ಪಾಲು ಕಡಿಮೆ, ನಿಮ್ಮ ಮೈಯದೇ ಹೆಚ್ಚು. ಅದಕ್ಕೇ ಬಗ್ಗಿ ಕೂರಿಸುವ ಹ್ಯಾಂಡಲ್.

"ನಂಗೆ ರೋಡ್ ಬೈಕೇ ಬೇಕಾ, ಹೈಬ್ರಿಡ್ ಸಾಕಾ?"

ಡಾಂಬರು ರಸ್ತೆಯಲ್ಲಿ ಒಂದೇ ಉಸಿರಿಗೆ 30–40 ಕಿ.ಮೀ. ಹೋಗಬೇಕು, ಮುಂದೆ ನೂರು ದಾಟಿಸಬೇಕು ಅನ್ನುವ ಆಸೆಯಿದ್ದರೆ ರೋಡ್ ಬೈಕ್ ತೆಗೆದುಕೊಳ್ಳಿ. ಐದಾರು ಕಿ.ಮೀ. ದೂರದ ಕೆಲಸಕ್ಕೆ ಹೋಗಿಬರುವುದು, ಹಿಂದೆ ಚೀಲ ಕಟ್ಟುವುದು, ಸಿಗ್ನಲ್‌ಗೊಮ್ಮೆ ಕಾಲು ಊರುವುದು, ಇಷ್ಟೇ ಆಗಿದ್ದರೆ ನೇರ ಹ್ಯಾಂಡಲಿನ ಹೈಬ್ರಿಡ್ಡೇ ಸುಖ. ಅದೇ ದುಡ್ಡಿಗೆ ಹೈಬ್ರಿಡ್‌ನಲ್ಲಿ ಒಂದು ಮೆಟ್ಟಿಲು ಮೇಲಿನ ಬಿಡಿಭಾಗಗಳೂ ಸಿಗುತ್ತವೆ, ಏಕೆಂದರೆ ಬಾಗಿದ ಹ್ಯಾಂಡಲಿಗೆ ಬೇಕಾದ ಬ್ರೇಕ್-ಗೇರ್ ಜೋಡಿ ಲಿವರುಗಳೇ ದುಬಾರಿ. ರಸ್ತೆ ಅರ್ಧ ಡಾಂಬರು, ಅರ್ಧ ಮಣ್ಣು ಎನ್ನುವವರು 35 ಮಿ.ಮೀ.ಗಿಂತ ಅಗಲದ ಟೈರು ಹಿಡಿಸುವ ಗ್ರಾವೆಲ್ ಬೈಕ್ ಕಡೆಗೂ ಒಮ್ಮೆ ನೋಡಿ.

"ಇರೋ ದುಡ್ಡೆಲ್ಲಾ ಬೈಕಿಗೇ ಹಾಕ್ಲಾ?"

ಬೇಡ. ಐದರಲ್ಲಿ ಒಂದು ಪಾಲು ಮೊದಲೇ ಎತ್ತಿಡಿ. ಹೆಲ್ಮೆಟ್, ಮುಂದೆ ಹಿಂದೆ ದೀಪ, ನೆಲಕ್ಕೆ ನಿಲ್ಲಿಸಿ ಹೊಡೆಯುವ, ಒತ್ತಡ ತೋರಿಸುವ ಪಂಪು, ಎರಡು ಟ್ಯೂಬು, ಟೈರ್ ಬಿಚ್ಚಲು ಎರಡು ಲಿವರ್, ಒಂದು ಚಿಕ್ಕ ಕೈಪಂಪು, ಆಲನ್ ಕೀ ಗೊಂಚಲು, ಚೈನ್ ಎಣ್ಣೆ, ಪ್ಯಾಡ್ ಇರುವ ಒಂದು ಚಡ್ಡಿ ಬೇಕೇ ಬೇಕು. ಇವಿಲ್ಲದ ಬೈಕು ಮೊದಲ ಪಂಕ್ಚರಿಗೆ ಮೂಲೆ ಸೇರುತ್ತದೆ. ಅಂದಹಾಗೆ ಆ ಚಡ್ಡಿಯ ಒಳಗೆ ಬೇರೆ ಒಳಉಡುಪು ಹಾಕಬಾರದು. ನಾಚಿಕೆಗೆ ಯಾರೂ ಕೇಳುವುದಿಲ್ಲ, ಹೊಲಿಗೆ ಉಜ್ಜಿ ತೊಡೆ ಸುಲಿದ ಮೇಲೆ ಕೇಳುತ್ತಾರೆ.

## ಅಳತೆಯ ಮಾತು

"ನನ್ನ ಎತ್ತರ ಹೇಳ್ತೀನಿ, ಯಾವ ಸೈಜ್ ಅಂತ ಹೇಳಿಬಿಡಿ"

ಎತ್ತರ ಕೇಳಿ ಒಂದು ಅಂದಾಜು ಹೇಳಬಹುದು, ಅಷ್ಟೇ. ಒಂದೇ ಎತ್ತರದ ಇಬ್ಬರಲ್ಲಿ ಒಬ್ಬರಿಗೆ ಕಾಲು ಉದ್ದ, ಇನ್ನೊಬ್ಬರಿಗೆ ಮುಂಡ ಉದ್ದ ಇರುತ್ತದೆ. ಫ್ರೇಮಿನ ಮೇಲೆ ಬರೆದ 52, 54, 56 ಎಂಬ ಅಂಕಿಯನ್ನೂ ಪೂರ್ತಿ ನಂಬಬೇಡಿ. ಒಬ್ಬರ 54 ಇನ್ನೊಬ್ಬರ 52ಕ್ಕೆ ಸಮ ಇರುವುದುಂಟು.

ನೋಡಬೇಕಾದ್ದು ಸ್ಟ್ಯಾಕ್ ಮತ್ತು ರೀಚ್. ಪೆಡಲಿನ ತೋಳುಗಳು (ಕ್ರ್ಯಾಂಕು) ಫ್ರೇಮಿನಲ್ಲಿ ತಿರುಗುವ ಅಚ್ಚಿನ ನಡುವಿನಿಂದ ಹ್ಯಾಂಡಲ್ ಕೂರುವ ಕೊಳವೆಯ ತುದಿಯವರೆಗೆ ನೇರ ಮೇಲಕ್ಕೆ ಅಳೆದರೆ ಸ್ಟ್ಯಾಕ್, ನೇರ ಮುಂದಕ್ಕೆ ಅಳೆದರೆ ರೀಚ್. ಪ್ರತಿ ಮಾಡೆಲಿನ ಅಳತೆ ಪಟ್ಟಿಯಲ್ಲೂ ಇವೆರಡು ಇರುತ್ತವೆ. ರೇಸಿಗೆಂದು ಮಾಡಿದ 54ರಲ್ಲಿ ಸ್ಟ್ಯಾಕ್ ಸುಮಾರು 540 ಮಿ.ಮೀ. ಇದ್ದರೆ, ದೂರ ಸವಾರಿಗೆಂದು ಮಾಡಿದ ಎಂಡ್ಯೂರೆನ್ಸ್ ಬೈಕಿನ 54ರಲ್ಲಿ 570ರ ಆಸುಪಾಸು. ಮೂರು ಸೆಂಟಿಮೀಟರು ಕಾಗದದ ಮೇಲೆ ಏನೂ ಅಲ್ಲ. ಎರಡು ಗಂಟೆ ತುಳಿದ ಮೇಲೆ ಕತ್ತಿಗೆ ಅದರ ಬೆಲೆ ಗೊತ್ತಾಗುತ್ತದೆ. ಮೊದಲ ಬೈಕಿಗೆ ಎಂಡ್ಯೂರೆನ್ಸ್ ಆಕಾರವೇ ಸರಿ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಅಂಗಡಿಯಲ್ಲಿ ಪರೀಕ್ಷೆ ಸುಲಭ. ಲಿವರಿನ ತಲೆಯ ಮೇಲಿರುವ ರಬ್ಬರಿನ ಮೇಲೆ ಅಂಗೈ ಇಟ್ಟು ಹತ್ತು ನಿಮಿಷ ತುಳಿಯಿರಿ. ಮೊಣಕೈ ಸ್ವಲ್ಪ ಮಡಚಿಕೊಂಡಿರಬೇಕು, ಭುಜ ಕಿವಿಯತ್ತ ಏರಬಾರದು. ಕೈ ಎತ್ತಿ ಎದೆಯ ಹತ್ತಿರ ತಂದಾಗ ಮೈ ಮುಂದಕ್ಕೆ ಬಿದ್ದುಹೋಗುವಂತಿದ್ದರೆ ಹ್ಯಾಂಡಲ್ ದೂರವಾಯಿತು ಅಂತ ಅರ್ಥ.

"ಒಂದೇ ಒಂದು ಸೈಜ್ ದೊಡ್ಡದು, ಆದರೆ ಅರ್ಧ ಬೆಲೆ. ತಗೊಳ್ಲಾ?"

ಈ ಪ್ರಶ್ನೆ ಬಂದಾಗಲೆಲ್ಲ ನನ್ನ ಎಡಗೈ ಜುಮ್ಮೆನ್ನುತ್ತದೆ. ನನ್ನ ಮೊದಲ ರೋಡ್ ಬೈಕು ಹೀಗೇ ಬಂದಿದ್ದು: ಕೊನೆಯ ಒಂದು ಪೀಸು, ದೊಡ್ಡ ರಿಯಾಯಿತಿ, "ಸ್ಟೆಮ್ ಬದಲಿಸಿದರೆ ಆಗುತ್ತೆ ಬಿಡಿ" ಎಂಬ ಮಾತು. ಸ್ಟೆಮ್ ಅಂದರೆ ಹ್ಯಾಂಡಲನ್ನು ಮುಂದಕ್ಕೆ ಹಿಡಿದಿಡುವ ಚಿಕ್ಕ ತುಂಡು, ಅದು 110 ಮಿ.ಮೀ. ಇದ್ದದ್ದನ್ನು 70ಕ್ಕೆ ಇಳಿಸಿದೆ. ಆದರೂ ಇಪ್ಪತ್ತು ಕಿ.ಮೀ. ದಾಟುವಷ್ಟರಲ್ಲಿ ಕಿರುಬೆರಳು, ಉಂಗುರಬೆರಳು ಮರಗಟ್ಟುತ್ತಿದ್ದವು. ಮನೆಗೆ ಬಂದು ಅಂಗಿಯ ಗುಂಡಿ ಬಿಚ್ಚಲು ಬಲಗೈಯನ್ನೇ ನಂಬಬೇಕಿತ್ತು. ಅಂಗೈ ಬುಡದಲ್ಲಿ ಹಾದುಹೋಗುವ ಅಲ್ನಾರ್ ನರದ ಮೇಲೆ ಮೈಭಾರವೆಲ್ಲ ಬೀಳುತ್ತಿತ್ತು, ಅದು ತಿಳಿಯುವ ಹೊತ್ತಿಗೆ ಎಂಟು ತಿಂಗಳಾಗಿತ್ತು. ಕೊನೆಗೆ ಇನ್ನೂ ಅರ್ಧ ಬೆಲೆಗೆ ಮಾರಿದೆ.

ಸ್ಟೆಮ್‌ನಲ್ಲಿ 10–20 ಮಿ.ಮೀ. ಹೊಂದಿಸಿಕೊಳ್ಳಬಹುದು. ಅದಕ್ಕಿಂತ ಹೆಚ್ಚಿನ ತಪ್ಪನ್ನು ಯಾವ ಬಿಡಿಭಾಗವೂ ಮುಚ್ಚುವುದಿಲ್ಲ. ಎರಡು ಸೈಜಿನ ನಡುವೆ ಸಿಕ್ಕಿಕೊಂಡರೆ ಚಿಕ್ಕದನ್ನೇ ತೆಗೆದುಕೊಳ್ಳಿ: ಸೀಟು ಎತ್ತರಿಸಬಹುದು, ಸ್ಟೆಮ್ ಉದ್ದ ಮಾಡಬಹುದು. ಫ್ರೇಮನ್ನು ಕುಗ್ಗಿಸಲು ಬರುವುದಿಲ್ಲ.

"ಸೀಟು ಎಷ್ಟು ಎತ್ತರಕ್ಕಿರಬೇಕು?"

ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ಗಟ್ಟಿ ರಟ್ಟಿನ ಪುಸ್ತಕವೊಂದನ್ನು ಕಾಲುಗಳ ನಡುವೆ ಮೇಲೆ ತಾಗುವವರೆಗೂ ಎತ್ತಿ, ಅದರ ಮೇಲಂಚಿನಿಂದ ನೆಲಕ್ಕೆ ಅಳೆಯಿರಿ. ಬಂದದ್ದನ್ನು 0.883ರಿಂದ ಗುಣಿಸಿ. 80 ಸೆಂ.ಮೀ. ಬಂದರೆ 70.6 ಸೆಂ.ಮೀ. ಕ್ರ್ಯಾಂಕಿನ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗಕ್ಕೆ ಇಷ್ಟು ದೂರ ಇಟ್ಟು ಶುರು ಮಾಡಿ. ಮೊಣಕಾಲಿನ ಮುಂದೆ ನೋವಾದರೆ ಸಾಮಾನ್ಯವಾಗಿ ಸೀಟು ತಗ್ಗು, ಹಿಂದೆ ನೋವಾದರೆ ಎತ್ತರ. ಒಮ್ಮೆಗೆ 3–5 ಮಿ.ಮೀ.ಗಿಂತ ಹೆಚ್ಚು ಸರಿಸಬೇಡಿ. ಇನ್ನೊಂದು ಮಾತು: ಸೀಟಿನ ಮೇಲೆ ಕುಳಿತೇ ಎರಡೂ ಪಾದ ನೆಲಕ್ಕೆ ಊರುವಂತಿದ್ದರೆ ಅದು ತಗ್ಗಾಯಿತು. ನಿಲ್ಲುವಾಗ ಸೀಟಿನಿಂದ ಮುಂದಕ್ಕೆ ಜಾರಿ ಇಳಿಯುವುದನ್ನು ಕಲಿಯಿರಿ.

"ಸೀಟು ಕಲ್ಲಿನ ಹಾಗಿದೆ, ಜೆಲ್ ಕವರ್ ಹಾಕಿದ್ರೆ ಆಗುತ್ತಾ?"

ಅರ್ಧ ಗಂಟೆಗೆ ಸುಖ, ಎರಡು ಗಂಟೆಗೆ ಹಿಂಸೆ. ಮೆತ್ತನೆಯ ಜೆಲ್ ಒಳಗೆ ಮೂಳೆ ಹುದುಗಿ, ಭಾರವೆಲ್ಲ ನಡುವಿನ ಮೃದು ಭಾಗಕ್ಕೆ ಬೀಳುತ್ತದೆ. ಕೂರುವ ಮೂಳೆಗಳ ಅಗಲಕ್ಕೆ ಹೊಂದುವ ಸೀಟು ಬೇಕು, ಮೆತ್ತಗಿರುವುದಲ್ಲ. ಮೂರು ವಾರ ತುಳಿದೂ ನೋವು ಹೋಗದಿದ್ದರೆ ಮಾತ್ರ ಸೀಟು ಬದಲಿಸಿ.

## ಯಾವುದಕ್ಕೆ ದುಡ್ಡು, ಯಾವುದಕ್ಕೆ ಬೇಡ

"ಕಾರ್ಬನ್ ಫ್ರೇಮ್ ಇಲ್ಲಾಂದ್ರೆ ಕೊಳ್ಳೋದೇ ದಂಡ ಅಂತಾರಲ್ಲ?"

ಹಾಗೆನ್ನುವವರು ಎರಡನೆಯದೋ ಮೂರನೆಯದೋ ಬೈಕ್ ಕೊಂಡವರು. ಮಿತ ಬಜೆಟ್ಟಿನಲ್ಲಿ ಕಾರ್ಬನ್ ಫ್ರೇಮು ಸಿಕ್ಕಿತು ಎಂದರೆ ಚಕ್ರ, ಬ್ರೇಕು, ಗೇರು ಎಲ್ಲದರಲ್ಲೂ ಕೈ ಬಿಗಿ ಹಿಡಿದಿರುತ್ತಾರೆ. ಅಲ್ಯೂಮಿನಿಯಂ ಫ್ರೇಮು, ಕಾರ್ಬನ್ ಫೋರ್ಕು (ಮುಂದಿನ ಚಕ್ರ ಹಿಡಿಯುವ ಕವಲು) ಇರುವ ಜೋಡಿ ಈ ದುಡ್ಡಿಗೆ ಒಳ್ಳೆಯದು. ಫೋರ್ಕು ರಸ್ತೆಯ ಸಣ್ಣ ಅದುರನ್ನು ಕೈಗೆ ಬಿಡದೆ ನುಂಗುತ್ತದೆ. ಸ್ಟೀಲಿನಲ್ಲಿ ಕ್ರೋಮೋಲಿ ಎಂದು ಬರೆದಿದ್ದರೆ ಧೈರ್ಯವಾಗಿ ತೆಗೆದುಕೊಳ್ಳಿ, ದಶಕಗಟ್ಟಲೆ ಬಾಳುತ್ತದೆ. ಹೈ-ಟೆನ್ ಎಂದಿದ್ದರೆ ಅದು ಭಾರದ ಮಾಮೂಲಿ ಉಕ್ಕು.

"ಟೂರ್ನಿ, ಕ್ಲಾರಿಸ್, ಸೋರಾ... ಇದೇನು ಭಾಷೆ?"

ಶಿಮಾನೊ ಕಂಪನಿಯ ರೋಡ್ ಗೇರ್ ಸೆಟ್ಟುಗಳ ಮೆಟ್ಟಿಲುಗಳು. ಕೆಳಗಿನಿಂದ ಟೂರ್ನಿ (ಹಿಂದೆ 7 ಹಲ್ಲುಚಕ್ರ), ಕ್ಲಾರಿಸ್ (8), ಸೋರಾ (9), ಟಿಯಾಗ್ರಾ (10), ಆಮೇಲೆ 105, ಅಲ್ಟೆಗ್ರಾ, ಡ್ಯೂರಾ-ಏಸ್. ಮೇಲೆ ಹೋದಂತೆ ಹಗುರ, ನುಣುಪು, ದುಬಾರಿ. ಬ್ರೇಕ್ ಲಿವರಿನೊಳಗೇ ಗೇರ್ ಬದಲಿಸುವ ಈ ಜೋಡಣೆಯನ್ನು ಶಿಮಾನೊ 1990ರಲ್ಲಿ ರೇಸಿನವರಿಗೆಂದು ತಂದಿತು. ಇವತ್ತು ಕ್ಲಾರಿಸ್‌ನಲ್ಲೂ ಅದೇ ಸಿಗುತ್ತದೆ.

ಟೂರ್ನಿಯ ರೋಡ್ ಲಿವರಿನಲ್ಲಿ ಗೇರಿನ ಒಂದು ದಿಕ್ಕಿಗೆ ಹೆಬ್ಬೆರಳಿನ ಗುಂಡಿ ಇದೆ. ಹ್ಯಾಂಡಲಿನ ಕೆಳಬಾಗು ಹಿಡಿದು ಇಳಿಜಾರಿನಲ್ಲಿರುವಾಗ ಹೆಬ್ಬೆರಳು ಅಲ್ಲಿಗೆ ಎಟಕುವುದಿಲ್ಲ. ಕ್ಲಾರಿಸ್‌ನಿಂದ ಮೇಲೆ ಆ ತೊಂದರೆ ಇಲ್ಲ. ಹಾಗಾಗಿ ನನ್ನ ಲೆಕ್ಕದಲ್ಲಿ ಕೆಳಗಿನ ಗೆರೆ ಕ್ಲಾರಿಸ್. ಅಲ್ಲಿಂದ ಸೋರಾಗೆ ಹಾರಲು ಸಾಲ ಮಾಡಬೇಡಿ.

"21 ಗೇರಿನ ಸೈಕಲ್ ಬಿಟ್ಟು 16 ಗೇರಿಂದು ಯಾಕೆ ತಗೊಳ್ಳಲಿ?"

ಗೇರುಗಳನ್ನು ಎಣಿಸಬೇಡಿ, ಹಲ್ಲುಗಳನ್ನು ಎಣಿಸಿ. ಮುಂದೆ 3, ಹಿಂದೆ 7 ಇದ್ದರೆ 21 ನಿಜ, ಆದರೆ ಅದರಲ್ಲಿ ಎಷ್ಟೋ ಒಂದರ ಮೇಲೊಂದು ಬಿದ್ದ ಅನುಪಾತಗಳೇ. ಹೊಸಬರಿಗೆ ಮುಖ್ಯವಾದದ್ದು ಒಂದೇ: ಎಲ್ಲಕ್ಕಿಂತ ಹಗುರವಾದ ಗೇರು ಯಾವುದು?

ಮುಂದಿನ ಚಿಕ್ಕ ಚಕ್ರದ ಹಲ್ಲನ್ನು ಹಿಂದಿನ ದೊಡ್ಡ ಚಕ್ರದ ಹಲ್ಲಿನಿಂದ ಭಾಗಿಸಿ. ಮುಂದೆ 52/42, ಹಿಂದೆ 14–28 ಇರುವ ಅಗ್ಗದ ಬೈಕಿನಲ್ಲಿ 42/28, ಅಂದರೆ 1.5. ಮುಂದೆ 50/34, ಹಿಂದೆ 11–32 ಇದ್ದರೆ 34/32, ಅಂದರೆ 1.06. ಚಕ್ರದ ಸುತ್ತಳತೆ ಸುಮಾರು 2.1 ಮೀಟರು. ನಿಮಿಷಕ್ಕೆ 70 ಸುತ್ತು ತುಳಿದರೆ ಮೊದಲ ಬೈಕು ಗಂಟೆಗೆ 13 ಕಿ.ಮೀ. ಓಡಲೇಬೇಕು, ಎರಡನೆಯದು 9.4ರಲ್ಲಿ ಸಾಗುತ್ತದೆ. ಈಗ ಬೈಕೂ ನೀವೂ ಸೇರಿ 85 ಕೆ.ಜಿ. ಇದ್ದೀರಿ, ನೂರು ಮೀಟರಿಗೆ 8 ಮೀಟರು ಏರುವ ದಾರಿ ಎಂದಿಟ್ಟುಕೊಳ್ಳಿ. ಭಾರ ಎತ್ತುವುದಕ್ಕೇ ಮೊದಲ ಬೈಕಿನಲ್ಲಿ ಸುಮಾರು 240 ವ್ಯಾಟ್ ಬೇಕು, ಎರಡನೆಯದರಲ್ಲಿ 175. ಹೊಸದಾಗಿ ತುಳಿಯುವವರಲ್ಲಿ ಹೆಚ್ಚಿನವರು 240 ವ್ಯಾಟನ್ನು ಕೆಲವೇ ನಿಮಿಷ ಕೊಡಬಲ್ಲರು. ಆಮೇಲೆ ನಿಮಿಷಕ್ಕೆ 40 ಸುತ್ತಿಗೆ ಇಳಿದು, ಮೊಣಕಾಲನ್ನು ಅರೆದುಕೊಂಡು, ಕೊನೆಗೆ ಇಳಿದು ತಳ್ಳುತ್ತಾರೆ. ತಪ್ಪು ಅವರದಲ್ಲ, ಹಲ್ಲಿನದು.

ಹತ್ತಿರದಲ್ಲಿ ಏರುದಾರಿ ಇದ್ದವರು 34/32 ಅಥವಾ 34/34 ಕೇಳಿ ಪಡೆಯಿರಿ.

"ಡಿಸ್ಕ್ ಬ್ರೇಕ್ ಇಲ್ಲದ್ದು ಹಳೇ ಕಾಲದ್ದಾ?"

ಹೊಸ ಮಾಡೆಲುಗಳು ಡಿಸ್ಕಿನತ್ತ ಹೋಗಿರುವುದು ನಿಜ. ಆದರೆ ಅಗ್ಗದ ಕೇಬಲ್ ಡಿಸ್ಕಿಗಿಂತ ಒಳ್ಳೆಯ ಪ್ಯಾಡ್ ಹಾಕಿದ ರಿಮ್ ಬ್ರೇಕು ಎಷ್ಟೋ ವಾಸಿ. ಕೇಬಲ್ ಡಿಸ್ಕಿನಲ್ಲಿ ಹೆಚ್ಚಾಗಿ ಒಂದು ಪ್ಯಾಡ್ ಮಾತ್ರ ಚಲಿಸುತ್ತದೆ, ಇನ್ನೊಂದು ನಿಂತಲ್ಲೇ ನಿಂತಿರುತ್ತದೆ. ಸವೆದಂತೆಲ್ಲ ಆಲನ್ ಕೀ ಹಿಡಿದು ಹತ್ತಿರಕ್ಕೆ ತರುತ್ತಿರಬೇಕು. ರಿಮ್ ಬ್ರೇಕಿನ ದೋಷ ಮಳೆಯಲ್ಲಿ ಕಾಣುತ್ತದೆ: ರಿಮ್ಮಿನ ನೀರು ಒರೆಸಿಹೋಗುವವರೆಗೂ ಹಿಡಿತ ಬರುವುದಿಲ್ಲ. ಮಳೆಯಲ್ಲೂ ದಿನಾ ತುಳಿಯುವವರು, ಉದ್ದದ ಇಳಿಜಾರು ಇಳಿಯುವವರು, 30 ಮಿ.ಮೀ. ಮೀರಿದ ಟೈರು ಬೇಕೆನ್ನುವವರು ಡಿಸ್ಕ್ ನೋಡಿ. ಎಣ್ಣೆಯ ಒತ್ತಡದ ಹೈಡ್ರಾಲಿಕ್ ಡಿಸ್ಕು ಬಜೆಟ್ಟಿನೊಳಗೆ ಸಿಕ್ಕರಂತೂ ಬಿಡಬೇಡಿ.

"ಅಷ್ಟು ಸಪೂರ ಟೈರು ದಿನಾ ಪಂಕ್ಚರ್ ಆಗಲ್ವಾ?"

ದಿನಾ ಆಗುತ್ತಿದ್ದರೆ ಗಾಳಿ ಕಡಿಮೆ ಇದೆ. ಗಾಳಿ ಕಡಿಮೆಯಾದ ಟೈರು ಗುಂಡಿಗೆ ಬಿದ್ದಾಗ ಟ್ಯೂಬು ರಿಮ್ಮಿನ ಎರಡು ಅಂಚಿಗೆ ಸಿಕ್ಕಿ, ಹಾವು ಕಚ್ಚಿದ ಹಾಗೆ ಜೋಡಿ ತೂತು ಬೀಳುತ್ತದೆ. 70 ಕೆ.ಜಿ. ತೂಕದವರು 25 ಮಿ.ಮೀ. ಟೈರಿಗೆ ಸುಮಾರು 80–85 ಪಿಎಸ್ಐ, 28 ಮಿ.ಮೀ.ಗೆ 70ರ ಆಸುಪಾಸು ಇಟ್ಟು ನೋಡಿ. ಹಿಂದಿನ ಚಕ್ರಕ್ಕೆ ಒಂದೈದು ಹೆಚ್ಚು. ಬೆರಳಿನಿಂದ ಒತ್ತಿ ನೋಡುವುದು ಲೆಕ್ಕಕ್ಕಿಲ್ಲ: 50 ಇದ್ದರೂ ಗಟ್ಟಿ, 90 ಇದ್ದರೂ ಗಟ್ಟಿ. ತೆಳು ಟ್ಯೂಬು ತಾನಾಗಿ ಗಾಳಿ ಸೋರುತ್ತದೆ, ಹಾಗಾಗಿ ವಾರಕ್ಕೊಮ್ಮೆಯಾದರೂ ಪಂಪು ಹಿಡಿಯಿರಿ. ವಾಲ್ವ್ ಸಪೂರವಾದ ಪ್ರೆಸ್ಟಾ ಆಗಿದ್ದರೆ ತುದಿಯ ಪುಟ್ಟ ತಿರುಪನ್ನು ಸಡಿಲಿಸಿ, ಒಮ್ಮೆ 'ಪುಸ್' ಎನ್ನಿಸಿ, ಆಮೇಲೆ ಪಂಪು ಹಾಕಬೇಕು. ಕೊಳ್ಳುವಾಗ ಫ್ರೇಮಿಗೆ 28 ಹಿಡಿಸುತ್ತದೆಯೇ ಎಂದು ಕೇಳಿ. ಹಿಡಿಸದಿದ್ದರೆ ನಾನಾದರೆ ಬೇರೆ ಬೈಕು ನೋಡುತ್ತೇನೆ.

"11 ಕೆ.ಜಿ. ಜಾಸ್ತಿ ಆಯ್ತಲ್ವಾ?"

ಈ ಬಜೆಟ್ಟಿಗೆ 10–11 ಕೆ.ಜಿ. ಸಹಜ. ರೇಸಿನ ಬೈಕುಗಳಿಗೇ ಸೈಕಲ್ ಕ್ರೀಡೆಯ ಅಂತರರಾಷ್ಟ್ರೀಯ ಒಕ್ಕೂಟ ಯುಸಿಐ 6.8 ಕೆ.ಜಿ.ಗಿಂತ ಇಳಿಯಬಾರದು ಎಂದು ಕಟ್ಟುಪಾಡು ಇಟ್ಟಿದೆ. ನೀವೂ ಬೈಕೂ ಸೇರಿ 80 ಕೆ.ಜಿ. ಇದ್ದು ಒಂದು ಕೆ.ಜಿ. ಇಳಿಸಿದರೆ, ಅರ್ಧ ಗಂಟೆಯ ಏರಿನಲ್ಲಿ ಉಳಿಯುವುದು ಹೆಚ್ಚೆಂದರೆ ಇಪ್ಪತ್ತು ಚಿಲ್ಲರೆ ಸೆಕೆಂಡು. ಸಮತಟ್ಟಿನಲ್ಲಿ ಗೊತ್ತೇ ಆಗುವುದಿಲ್ಲ.

## ಬೈಕು ಎದುರಿಗಿದ್ದಾಗ

"ಸೆಕೆಂಡ್ ಹ್ಯಾಂಡ್ ತಗೊಂಡ್ರೆ ಮೋಸ ಹೋಗ್ತೀನಾ?"

ನೋಡುವುದು ಗೊತ್ತಿದ್ದರೆ ಅದೇ ದುಡ್ಡಿಗೆ ಒಂದೆರಡು ಮೆಟ್ಟಿಲು ಮೇಲಿನದು ಸಿಗುತ್ತದೆ. ಹಗಲು ಬೆಳಕಿನಲ್ಲಿ ಹೋಗಿ, ಬೈಕು ತೊಳೆದಿರಲಿ ಎಂದು ಮೊದಲೇ ಹೇಳಿ. ಕೊಳೆಯ ಕೆಳಗೆ ಬಿರುಕು ಕಾಣುವುದಿಲ್ಲ.

ಮೊದಲು ಫ್ರೇಮನ್ನು ತಿರುಗಿಸಿ ಹ್ಯಾಂಡಲ್ ಕೊಳವೆಯ ಹಿಂದೆ, ಕೆಳಗಿನ ಪೈಪು ಸೇರುವ ಜಾಗದಲ್ಲಿ ಬೆರಳಾಡಿಸಿ. ಮುಂದಿನಿಂದ ಗುದ್ದಿದ ಬೈಕಿನಲ್ಲಿ ಪೈಪು ಅಲ್ಲಿ ಉಬ್ಬಿರುತ್ತದೆ, ಬಣ್ಣ ಸುಕ್ಕುಗಟ್ಟಿರುತ್ತದೆ. ಕಣ್ಣಿಗೆ ತಪ್ಪಿದ್ದು ಬೆರಳಿಗೆ ಸಿಗುತ್ತದೆ. ಅದು ಸಿಕ್ಕಿದರೆ ಎಷ್ಟು ಕಡಿಮೆ ಬೆಲೆಯಾದರೂ ವಾಪಸು ಬನ್ನಿ. ಆಮೇಲೆ ಮುಂದಿನ ಬ್ರೇಕು ಹಿಡಿದು ಬೈಕನ್ನು ಹಿಂದೆ ಮುಂದೆ ಅಲುಗಿಸಿ: ಲೊಟಕ್ ಎಂದರೆ ಹೆಡ್‌ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗು) ಸಡಿಲ. ಕ್ರ್ಯಾಂಕನ್ನು ಅಡ್ಡಡ್ಡ ಅಲುಗಿಸಿ: ಆಡಿದರೆ ಅಚ್ಚಿನ ಬೇರಿಂಗು ಸವೆದಿದೆ. ಚಕ್ರ ಎತ್ತಿ ತಿರುಗಿಸಿ ಪ್ಯಾಡಿನ ಸಂದಿ ನೋಡಿ: ಓಲಾಡಿದರೆ ಕಡ್ಡಿ ಬಿಗಿಸಬೇಕು. ರಿಮ್ ಬ್ರೇಕಿನ ಬೈಕಾದರೆ ರಿಮ್ಮಿನ ಬದಿ ಒಳಕ್ಕೆ ತಟ್ಟೆಯಂತೆ ಕುಸಿದಿದೆಯೇ ಎಂದು ಉಗುರಿನಿಂದ ಸವರಿ. ಸೀಟ್ ಪೋಸ್ಟನ್ನು ಮೇಲೆ ಕೆಳಗೆ ಮಾಡಿಸಿ ನೋಡಿ, ವರ್ಷಗಟ್ಟಲೆ ಅಲುಗಿಸದೆ ಫ್ರೇಮಿಗೆ ಕಚ್ಚಿಕೊಂಡದ್ದು ಆಮೇಲೆ ಯಾರ ಕೈಗೂ ಬಗ್ಗುವುದಿಲ್ಲ.

ಚೈನು, ಟೈರು, ಕೇಬಲ್, ಪ್ಯಾಡ್ ಸವೆದಿದ್ದರೆ ಹೆದರಬೇಡಿ, ಅವುಗಳ ಬೆಲೆಯನ್ನು ಕೇಳಿದ ಬೆಲೆಯಿಂದ ಕಳೆಯಿರಿ. ಕ್ರ್ಯಾಂಕಿನ ಅಚ್ಚಿನ ಅಡಿಯಲ್ಲಿ ಫ್ರೇಮಿಗೆ ಕೊರೆದಿರುವ ಸೀರಿಯಲ್ ಸಂಖ್ಯೆ ಉಜ್ಜಿಹೋಗಿದ್ದರೆ ಕದ್ದ ಮಾಲು ಎಂದೇ ತಿಳಿದು ಬಿಟ್ಟುಬಿಡಿ. ಮೊದಲ ಬಾರಿ ಕೊಳ್ಳುವವರು ಹಳೆಯ ಕಾರ್ಬನ್ ಫ್ರೇಮಿಗೆ ಕೈ ಹಾಕದಿರುವುದೇ ಒಳ್ಳೆಯದು, ಒಳಗಿನ ಪೆಟ್ಟು ಹೊರಗೆ ಕಾಣದೆ ಇರಬಹುದು.

"ಬಾಕ್ಸ್‌ನಲ್ಲಿ ಬಂದಿದ್ದನ್ನ ನಾನೇ ಜೋಡಿಸಬಹುದಾ?"

ಆಗುತ್ತದೆ. ಆದರೆ ಫೋರ್ಕನ್ನು ಹಿಂದುಮುಂದಾಗಿ ಹಾಕಿ "ಪೆಡಲ್ ಚಕ್ರಕ್ಕೆ ತಾಗುತ್ತಿದೆ" ಎಂದು ಬೈಕನ್ನೇ ಬೈದವರನ್ನು ನಾನು ಬಲ್ಲೆ. ಫೋರ್ಕಿನ ಬಾಗು ಮುಂದಕ್ಕಿರಬೇಕು, ರಿಮ್ ಬ್ರೇಕು ಫೋರ್ಕಿನ ಮುಂಭಾಗದಲ್ಲಿರಬೇಕು. ಎಡ ಪೆಡಲಿನ ತಿರುಪು ಉಲ್ಟಾ: ಅಪ್ರದಕ್ಷಿಣವಾಗಿ ತಿರುಗಿಸಿದರೆ ಬಿಗಿಯುತ್ತದೆ. ಬಲವಂತ ಮಾಡಿದರೆ ಕ್ರ್ಯಾಂಕಿನ ತಿರುಪಿನ ಗೆರೆ ಹಾಳು. ಸ್ಟೆಮ್ಮಿನ ಬೋಲ್ಟುಗಳ ಮೇಲೆ ಸಾಮಾನ್ಯವಾಗಿ 5 ನ್ಯೂಟನ್-ಮೀಟರ್ ಎಂಬಂತೆ ಬರೆದಿರುತ್ತದೆ, ಅದನ್ನು ಮೀರಬೇಡಿ. ಮೊದಲ ನೂರಿನ್ನೂರು ಕಿ.ಮೀ.ನಲ್ಲಿ ಕೇಬಲ್ ಕುಳಿತುಕೊಂಡು ಗೇರು ತಡವರಿಸುತ್ತದೆ. ಅದು ಕೆಟ್ಟಿದ್ದಲ್ಲ, ಒಮ್ಮೆ ಬಿಗಿ ಮಾಡಿಸಿದರೆ ಸರಿ.

## ತುಳಿಯಲು ಶುರುವಾದ ಮೇಲೆ

"ಕಾಲು ಕಚ್ಚಿಕೊಳ್ಳೋ ಪೆಡಲ್ ಈಗಲೇ ಬೇಕಾ?"

ಈಗ ಬೇಡ. ಹಿಡಿತವಿರುವ ಚಪ್ಪಟೆ ಪೆಡಲ್ ಒಂದು ವರ್ಷಕ್ಕೆ ಧಾರಾಳ. ಬೇಕೆನಿಸಿದಾಗ ಎರಡು ಬೋಲ್ಟಿನ ಎಸ್‌ಪಿಡಿ ತೆಗೆದುಕೊಳ್ಳಿ, ಅದರ ಬೂಟು ಹಾಕಿ ನಡೆಯಲು ಬರುತ್ತದೆ. ಮೊದಲ ವಾರ ನಿಂತಲ್ಲೇ ಒಂದೆರಡು ಸಲ ಬೀಳುತ್ತೀರಿ. ಎಲ್ಲರೂ ಬಿದ್ದಿದ್ದೇವೆ, ಅದೂ ಜನ ನೋಡುವ ಜಾಗದಲ್ಲೇ.

"ಫ್ರೀವೀಲ್ ಬೇಡ, ಕ್ಯಾಸೆಟ್ ನೋಡಿ ಅಂತಾರೆ. ವ್ಯತ್ಯಾಸ ಏನು?"

ಫ್ರೀವೀಲಿನಲ್ಲಿ ಹಲ್ಲುಚಕ್ರ, ಅದರ ಟಿಕ್‌ಟಿಕ್ ಯಂತ್ರ ಎಲ್ಲ ಒಂದೇ ಗಂಟು, ಚಕ್ರದ ನಡುವಿನ ಗುಂಬವಾದ ಹಬ್ಬಿನ ಮೇಲೆ ತಿರುಪಿ ಕೂರಿಸಿರುತ್ತದೆ. ಹಾಗಾಗಿ ಬಲಗಡೆಯ ಬೇರಿಂಗು ಒಳಕ್ಕೆ ಸರಿದು ಅಚ್ಚಿಗೆ ಆಸರೆ ಕಡಿಮೆಯಾಗುತ್ತದೆ. ಭಾರದ ಸವಾರರ ಹಿಂದಿನ ಅಚ್ಚು ಬಾಗುವುದು, ಮುರಿಯುವುದು ಇದರಿಂದಲೇ. ಕ್ಯಾಸೆಟ್ಟಿನಲ್ಲಿ ಆ ಯಂತ್ರ ಹಬ್ಬಿನ ಭಾಗವೇ ಆಗಿ, ಬೇರಿಂಗು ಅಂಚಿನಲ್ಲಿ ಕೂರುತ್ತದೆ. ಶಿಮಾನೊದ 8, 9, 10ರ ಕ್ಯಾಸೆಟ್ಟುಗಳು ಒಂದೇ ಹಬ್ಬಿಗೆ ಕೂರುವುದರಿಂದ ಮುಂದೆ ಮೇಲಿನ ಮೆಟ್ಟಿಲಿಗೆ ಹೋದರೂ ಚಕ್ರ ಎಸೆಯಬೇಕಿಲ್ಲ. ಎರಡು ಬೈಕು ಸಮನಾಗಿ ಕಂಡರೆ ಕ್ಯಾಸೆಟ್ಟಿನದನ್ನು ಆರಿಸಿ.

"ಚೈನ್ ಯಾವಾಗ ಬದಲಾಯಿಸಬೇಕು?"

ಇಂಚಿನ ಸ್ಕೇಲು ಸಾಕು. ಚೈನನ್ನು ಬಿಗಿ ಹಿಡಿದು ಒಂದು ಪಿನ್ನಿನ ನಡುವಿಗೆ ಸೊನ್ನೆ ಇಡಿ. ಹೊಸದರಲ್ಲಿ 12 ಇಂಚಿಗೆ ಸರಿಯಾಗಿ ಇನ್ನೊಂದು ಪಿನ್ನು ಬರುತ್ತದೆ. ಆ ಪಿನ್ನು 1/16 ಇಂಚು ಆಚೆ ಹೋಗಿದ್ದರೆ ಚೈನು ಬದಲಿಸಿ. 1/8 ಇಂಚು ಆಚೆ ಹೋಗಿದ್ದರೆ ಹಿಂದಿನ ಹಲ್ಲುಗಳನ್ನೂ ಅದು ತಿಂದಿದೆ, ಎರಡೂ ಒಟ್ಟಿಗೆ ಬದಲಾಗಬೇಕು. ಚೈನು ಅಗ್ಗ, ಕ್ಯಾಸೆಟ್ಟು ದುಬಾರಿ. ಎಣ್ಣೆ ಹಾಕಿದ ಮೇಲೆ ಹೊರಗಿನದನ್ನು ಬಟ್ಟೆಯಲ್ಲಿ ಒರೆಸಿಬಿಡಿ, ಒಳಗೆ ಇಳಿದದ್ದಷ್ಟೇ ಕೆಲಸಕ್ಕೆ ಬರುವುದು, ಹೊರಗಿನದು ಧೂಳು ಹಿಡಿಯುತ್ತದೆ.

"ಬೋನಸ್ ಬಂದಿದೆ, ಬೈಕಿಗೆ ಮೊದಲು ಏನು ಹಾಕ್ಸಲಿ?"

ಟೈರು. ಬೈಕಿನ ಜೊತೆ ಬಂದ ಗಡುಸು ಟೈರು ತೆಗೆದು ಮೆತುವಾದ ಒಳ್ಳೆಯ 28 ಹಾಕಿದ ದಿನ ಇದು ಅದೇ ಬೈಕಾ ಎಂದು ಅನುಮಾನ ಬರುತ್ತದೆ. ಆಮೇಲೆ ಬ್ರೇಕ್ ಪ್ಯಾಡು. ಕಾರ್ಬನ್ ಚಕ್ರ, ಹಗುರ ಹ್ಯಾಂಡಲ್ ಇವಕ್ಕೆಲ್ಲ ಸುರಿಯುವ ದುಡ್ಡನ್ನು ಮುಂದಿನ ಬೈಕಿಗೆ ಕೂಡಿಡಿ. ನನ್ನ ಈಗಿನ ಬೈಕಿನಲ್ಲಿ ಕೊಂಡಾಗಿನದು ಅಂತ ಉಳಿದಿರುವುದು ಫ್ರೇಮು, ಫೋರ್ಕು, ಎರಡು ಲಿವರು ಮತ್ತು ಬಣ್ಣ ಹಾರಿದ ಒಂದು ಬಾಟಲಿ ಸ್ಟ್ಯಾಂಡು. ಬಾಕಿಯೆಲ್ಲ ಸವೆದ ಮೇಲೇ ಬದಲಾದವು.